ಕಾರಿನ ಎಸಿ ಗ್ಯಾಸ್ ಖಾಲಿ ಆಗಲ್ಲ ಸ್ವಾಮಿ, ಎಲ್ಲೋ ಸೋರುತ್ತೆ

ಪ್ರಶ್ನೆ: ಸರ್, ನಾನು ರಾಯಚೂರಿನವನು. 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ, 82,000 ಕಿಮೀ ಓಡಿದೆ. ಹೋದ ಬೇಸಿಗೆಲಿ ಎಸಿ ತಣ್ಣಗಾಗ್ತಿಲ್ಲ ಅಂತ ಗ್ಯಾಸ್ ಹಾಕಿಸ್ದೆ, ಎರಡು ತಿಂಗಳು ಚೆನ್ನಾಗಿತ್ತು. ಈ ಏಪ್ರಿಲ್‌ನಲ್ಲಿ ಮತ್ತೆ ಹಾಕಿಸ್ದೆ, ಮೂರೇ ವಾರ ಬಂತು. ಈಗ ಬ್ಲೋವರ್ ಜೋರಾಗೇ ಇದೆ, ಗಾಳಿ ಮಾತ್ರ ಬಿಸಿ. ಮೆಕ್ಯಾನಿಕ್ ಕಂಪ್ರೆಸರ್ ಹೋಗಿದೆ, 28,000 ಆಗುತ್ತೆ ಅಂತಿದಾರೆ. ನಿಜಾನಾ?

ಉತ್ತರ: ಇರಬಹುದು, ಆದ್ರೆ ನೀವು ಬರೆದಿರೋದು ನೋಡಿದ್ರೆ ನಂಗೆ ಡೌಟು. ದುಡ್ಡು ಎಣಿಸೋಕೆ ಮುಂಚೆ ಒಂದು ವಿಷ್ಯ ತಲೆಲಿ ಇಟ್ಕೊಳಿ, ಎಸಿ ಗ್ಯಾಸ್ ಅಂದ್ರೆ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಖರ್ಚಾಗೋಕೆ. ಅದೇ ಗ್ಯಾಸು ಅದನ್ನ ಒತ್ತಿ ತಳ್ಳೋ ಕಂಪ್ರೆಸರ್‌ನಿಂದ ಗಾಡಿ ಮುಂದಿರೋ, ಬಿಸಿ ಹೊರಗೆ ಬಿಡೋ ಕಂಡೆನ್ಸರ್‌ಗೆ, ಅಲ್ಲಿಂದ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ, ವಾಪಸ್ ಕಂಪ್ರೆಸರ್‌ಗೆ, ಗಾಣದೆತ್ತಿನ ತರ ಸುತ್ತಾನೇ ಇರುತ್ತೆ. ರಬ್ಬರ್ ಹೋಸ್‌ಗಳಿಂದ ವರ್ಷಕ್ಕೆ ಕೆಲವು ಗ್ರಾಂ ಹೋಗೋದು ಸಹಜ, ಆದ್ರೆ ಮೂರು ವಾರಕ್ಕೆ ಪೂರ್ತಿ ಖಾಲಿ ಅಂದ್ರೆ ಅದು ತೂತು. ಎರಡು ಸಲ ದುಡ್ಡು ಕೊಟ್ರಲ್ಲ, ಎರಡು ಸಲಾನೂ ಒಬ್ರಾದ್ರೂ ಹಳೇ ಗ್ಯಾಸ್ ಎಲ್ಲಿಗೆ ಹೋಯ್ತು ಅಂತ ಹುಡುಕಿದ್ರಾ? ಇಲ್ಲ ಅನ್ಸುತ್ತೆ. ತೂತಿನ ಕೊಡಕ್ಕೆ ನೀರು ತುಂಬಿಸ್ಕೊಂಡು ಬಂದಿದೀರ ಅಷ್ಟೇ.

ಈಗ ಕಂಪ್ರೆಸರ್ ಯಾಕೆ ಸತ್ತಂಗೆ ಕಾಣ್ತಿದೆ ಅಂದ್ರೆ, ಪೈಪ್ ಲೈನಲ್ಲಿ ಒಂದು ಪ್ರೆಶರ್ ಸ್ವಿಚ್ ಇರುತ್ತೆ. ಗ್ಯಾಸ್ ಕಮ್ಮಿ ಆದ್ರೆ ಕಂಪ್ರೆಸರ್‌ಗೆ ಕರೆಂಟ್ ಹೋಗದಂಗೆ ಮಾಡುತ್ತೆ, ಯಾಕಂದ್ರೆ ಕಂಪ್ರೆಸರ್‌ಗೆ ಬೇಕಾದ ಆಯಿಲ್ ಗ್ಯಾಸ್ ಜೊತೆನೇ ಸುತ್ತೋದು, ಗ್ಯಾಸ್ ಇಲ್ದೆ ಓಡಿದ್ರೆ ಒಣಗಿ ಸುಟ್ಟು ಹೋಗುತ್ತೆ. ಅಂದ್ರೆ ಅದು ಕೆಟ್ಟು ನಿಂತಿಲ್ಲ, ಕೆಡಬಾರ್ದು ಅಂತ ನಿಂತಿದೆ. ಇದನ್ನ ನೋಡಿ ಕಂಪ್ರೆಸರ್ ಹೋಯ್ತು ಅನ್ನೋರು ತುಂಬಾ ಜನ ಇದಾರೆ, ಎಲ್ಲರೂ ಮೋಸಗಾರರೇ ಅಂತೇನಲ್ಲ, ಗ್ಯಾಸಿನ ಪ್ರೆಶರ್ ಅಳೆಯೋ ಗೇಜ್ ಹಾಕೋ ಅಭ್ಯಾಸ ಇರಲ್ಲ ಅಷ್ಟೆ. ನಾನೂ ಕೆಲ್ಸ ಶುರು ಮಾಡಿದ ಹೊಸತರಲ್ಲಿ ಒಬ್ರಿಗೆ ಕಂಪ್ರೆಸರ್ ಬದಲಾಯ್ಸಿಬಿಟ್ಟು, ಹೊಸದೂ ತಿರುಗದೇ ಇದ್ದಾಗ ನೋಡಿದ್ರೆ ಕೆಟ್ಟಿದ್ದಿದ್ದು ಕಂಪ್ರೆಸರ್‌ಗೆ ಕರೆಂಟ್ ಬಿಡೋ ಸ್ವಿಚ್ಚು, ಒಂದು ಪುಟಾಣಿ ರಿಲೇ. ಆ ದಿನದ ಮುಖ ಇನ್ನೂ ನೆನಪಿದೆ, ಅವ್ರದ್ದೂ ನಂದೂ.

ನೀವೇ ನೋಡಬಹುದಾದ್ದು ಹೇಳ್ತೀನಿ. ಎಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ, ಒಳಗೆ ಒಬ್ರು ಕೂತು ಎಸಿ ಬಟನ್ ಒತ್ತಲಿ. ಸೆರಗು, ದುಪಟ್ಟಾ, ಲೂಸ್ ತೋಳು ದೂರ ಇರ್ಲಿ, ಫ್ಯಾನು ಹೇಳದೆ ಕೇಳದೆ ತಿರುಗೋಕೆ ಶುರು ಮಾಡುತ್ತೆ. ಕಂಪ್ರೆಸರ್‌ನ ಹೊರಗಿನ ಪುಲ್ಲಿ ಬೆಲ್ಟ್ ಜೊತೆ ಯಾವಾಗ್ಲೂ ತಿರುಗುತ್ತೆ, ಅದನ್ನ ನೋಡಿ ಮೋಸ ಹೋಗ್ಬೇಡಿ, ನಡುವೆ ಇರೋ ಪ್ಲೇಟ್ ನೋಡಿ. ಎಸಿ ಹಾಕಿದ ತಕ್ಷಣ ಟಕ್ ಅಂತ ಸೌಂಡ್ ಬಂದು ಆ ಪ್ಲೇಟೂ ತಿರುಗ್ಬೇಕು. ಟಕ್ ಅಂದು ಎರಡು ಮೂರು ಸೆಕೆಂಡಲ್ಲಿ ಬಿಟ್ಟು ಮತ್ತೆ ಟಕ್ ಅಂತಿದ್ರೆ ಬಹುತೇಕ ಗ್ಯಾಸ್ ಕಮ್ಮಿ. ಸೌಂಡೇ ಇಲ್ಲ ಅಂದ್ರೆ ಗ್ಯಾಸ್ ಪೂರ್ತಿ ಖಾಲಿ ಇರಬಹುದು, ಇಲ್ಲಾ ಫ್ಯೂಸ್, ರಿಲೇ, ಆ ಪ್ಲೇಟನ್ನ ಪುಲ್ಲಿಗೆ ಎಳೆದು ಅಂಟಿಸೋ ಮ್ಯಾಗ್ನೆಟ್ ಕ್ಲಚ್ ಕೆಟ್ಟಿರಬಹುದು. ರಿಲೇ ಡೌಟ್ ಇದ್ರೆ ಅದಿರೋ ಫ್ಯೂಸ್ ಬಾಕ್ಸಲ್ಲೇ ಅದೇ ನಂಬರಿನ ಇನ್ನೊಂದು ರಿಲೇ ಇದ್ಯಾ ನೋಡಿ, ಹಾರ್ನ್‌ದು ಎಷ್ಟೋ ಸಲ ಮ್ಯಾಚ್ ಆಗುತ್ತೆ, ಗಾಡಿ ಆಫ್ ಮಾಡಿ ಅದಲು ಬದಲು ಮಾಡಿ ನೋಡಿ, ಖರ್ಚು ಸೊನ್ನೆ.

ಆಮೇಲೆ ಗೇಜ್ ಇರೋ ಅಂಗಡಿಗೆ ಹೋಗಿ. ಬೆಳಿಗ್ಗೆ ನೆರಳಲ್ಲಿ, ಎಂಜಿನ್ ಆಫ್ ಆಗಿ ತಣ್ಣಗಿದ್ದಾಗ ಸುಮಾರು 30 ಡಿಗ್ರಿ ಹವಾ ಇದ್ರೆ ಗೇಜಿನ ಎರಡೂ ಮುಳ್ಳು, ಅಂದ್ರೆ ಕಂಪ್ರೆಸರ್‌ಗೆ ಗ್ಯಾಸ್ ಬರೋ ಲೋ ಸೈಡ್‌ದೂ ಹೊರಗೆ ಹೋಗೋ ಹೈ ಸೈಡ್‌ದೂ, 95ರಿಂದ 100 ಪಿಎಸ್‌ಐ ಹತ್ರ ಇರ್ಬೇಕು, ನಿಮ್ಮ ಗಾಡಿಲಿರೋ ಆರ್134ಎ ಗ್ಯಾಸಿನ ಲೆಕ್ಕ ಇದು. 40 ತೋರಿಸ್ತಿದ್ರೆ ಒಳಗೆ ಗ್ಯಾಸ್ ಇಲ್ಲ, ಮಾತು ಮುಗೀತು. ಕಂಪ್ರೆಸರ್ ನಿಜವಾಗ್ಲೂ ಹೋಗಿದೆ ಅನ್ನೋಕೆ ಗುರುತು ಬೇರೆ: ಸರಿಯಾದ ತೂಕದ ಗ್ಯಾಸ್ ಇದೆ, ನಡುವಿನ ಪ್ಲೇಟ್ ತಿರುಗ್ತಾ ಇದೆ, ಆದ್ರೂ ಲೋ ಸೈಡ್ ಇಳಿಯಲ್ಲ ಹೈ ಸೈಡ್ ಏರಲ್ಲ, ಎರಡೂ ಮುಳ್ಳು ಅಕ್ಕಪಕ್ಕನೇ ನಿಂತಿರುತ್ತೆ. ಇದನ್ನ ಕಣ್ಣಾರೆ ತೋರಿಸಿದ್ರೆ ಮಾತ್ರ 28,000 ಬಗ್ಗೆ ಮಾತಾಡಿ.

ಲೀಕ್ ಹುಡುಕೋದು ಹೆಂಗೆ? ಗ್ಯಾಸ್ ಕಣ್ಣಿಗೆ ಕಾಣಲ್ಲ, ಆದ್ರೆ ಜೊತೆಗೆ ಬರೋ ಆಯಿಲ್ ಕಾಣುತ್ತೆ. ಮುಂದಿನ ಗ್ರಿಲ್ ಹಿಂದೆ ಕಂಡೆನ್ಸರ್ ಮೇಲೆ ಟಾರ್ಚ್ ಬಿಡಿ, ಎಲ್ಲಾ ಕಡೆ ಒಣ ಧೂಳಿದ್ದು ಒಂದು ಕಡೆ ಮಾತ್ರ ಅಂಗೈ ಅಗಲ ಜಿಡ್ಡು ಧೂಳು ಅಂಟಿದ್ರೆ ಅಲ್ಲೇ ಕಳ್ಳ. ಜಲ್ಲಿಕಲ್ಲು ಹಾರೋ ರೋಡಲ್ಲಿ ಓಡಾಡೋ ಗಾಡಿಗಳಿಗೆ ಇದು ಮಾಮೂಲು. ಪೈಪ್ ಜಾಯಿಂಟಿನ ರಬ್ಬರ್ ಓ ರಿಂಗ್, ಕಂಪ್ರೆಸರ್ ಶಾಫ್ಟಿನ ಸೀಲ್, ಕೊನೆಗೆ ಗ್ಯಾಸ್ ತುಂಬೋ ಬಾಯಿಯ ಒಳಗಿನ ಪಿನ್ನು, ಎಲ್ಲಾ ಕಡೆ ಸೋಪಿನ ನೊರೆ ಹಚ್ಚಿ ನೋಡಿಸಿ. ಆ ಪಿನ್ನು ಸೈಕಲ್ ಟ್ಯೂಬ್ ವಾಲ್ವ್ ತರಾನೇ, ಆದ್ರೆ ಸ್ಕ್ರೂಡ್ರೈವರಲ್ಲಿ ಒತ್ತಿ ಗ್ಯಾಸ್ ಇದ್ಯಾ ನೋಡೋ ಸಾಹಸ ಬೇಡ, ಆರ್134ಎ ಮೈನಸ್ 26 ಡಿಗ್ರಿಲೇ ಕುದಿಯೋ ವಸ್ತು, ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗುತ್ತೆ. ನೊರೆಗೆ ಸಿಗದಿದ್ರೆ ನೈಟ್ರೋಜನ್ ತುಂಬಿಸಿ ಪ್ರೆಶರ್ ಇಳಿಯುತ್ತಾ ಅಂತ ಕಾಯೋದು, ಇಲ್ಲಾ ಲೈಟಿಗೆ ಹೊಳೆಯೋ ಬಣ್ಣ, ಯುವಿ ಡೈ ಹಾಕಿ ಒಂದು ವಾರ ಓಡಿಸಿ ನೀಲಿ ಲೈಟಲ್ಲಿ ನೋಡೋದು.

ಲೀಕ್ ಸರಿ ಮಾಡಿಸಿದ್ಮೇಲೆ ಕಮ್ಮಿ ಅಂದ್ರೂ ಅರ್ಧ ಗಂಟೆ ವ್ಯಾಕ್ಯೂಮ್ ಎಳೀಬೇಕು, ಅಂದ್ರೆ ಪೈಪೊಳಗಿನ ಗಾಳಿ ತೇವ ಎಲ್ಲಾ ಪಂಪಲ್ಲಿ ತೆಗೀಬೇಕು, ಪಂಪ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಮುಳ್ಳು ಅಲ್ಲಾಡಬಾರ್ದು. ಗ್ಯಾಸ್ ತೂಕ ಮಾಡಿನೇ ಹಾಕ್ಬೇಕು, ಎಷ್ಟು ಗ್ರಾಂ ಅಂತ ಬಾನೆಟ್ ಒಳಗಿನ ಸ್ಟಿಕ್ಕರಲ್ಲಿ ಬರೆದಿರುತ್ತೆ, ನಿಮ್ಮ ಸೈಜಿನ ಗಾಡಿಗೆ ಹೆಚ್ಚುಕಮ್ಮಿ 350ರಿಂದ 450. ಜಾಸ್ತಿ ಹಾಕಿದ್ರೂ ತಣ್ಣಗಾಗಲ್ಲ, ಗೊತ್ತಿರ್ಲಿ. ಅಗ್ಗ ಅಂತ ಎಲ್‌ಪಿಜಿ ಮಿಕ್ಸ್ ತುಂಬೋ ಕಡೆ ಮಾತ್ರ ಹೋಗ್ಲೇಬೇಡಿ, ಕೂಲಿಂಗ್ ಕಾಯಿಲ್ ಲೀಕ್ ಆದ್ರೆ ಅದು ಬರೋದು ನೀವು ಕೂತಿರೋ ಜಾಗಕ್ಕೆ.

ಪ್ರಶ್ನೆ: ಬೆಂಗಳೂರು. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತ್ರೆ ಎಸಿ ಬಿಸಿ, ನೆಲಮಂಗಲ ದಾಟಿ ಹೈವೇಗೆ ಹೋದ್ರೆ ಐಸ್. ಗ್ಯಾಸ್ ಹಾಕಿಸ್ಲಾ?

ಉತ್ತರ: ಬೇಡ. ಕಾರ್ ಓಡುವಾಗ ಗಾಳಿ ತಾನಾಗೇ ಕಂಡೆನ್ಸರ್‌ಗೆ ಹೊಡೆದು ಬಿಸಿ ಎಳ್ಕೊಂಡು ಹೋಗುತ್ತೆ, ನಿಂತಾಗ ಆ ಕೆಲ್ಸ ಫ್ಯಾನ್‌ದು. ನಿಮ್ಮ ಫ್ಯಾನ್ ಸೋಮಾರಿ ಆಗಿದೆ ಇಲ್ಲಾ ಕಂಡೆನ್ಸರ್ ಕಟ್ಕೊಂಡಿದೆ. ಕಾರ್ ನಿಲ್ಸಿ ಎಸಿ ಹಾಕಿ, ಗ್ರಿಲ್ ಮುಂದಿನಿಂದ ಒಂದು ಮಗ್ ನೀರು ಕಂಡೆನ್ಸರ್ ಮೇಲೆ ನಿಧಾನಕ್ಕೆ ಹುಯ್ದು ನೋಡಿ, ಒಂದು ನಿಮಿಷದಲ್ಲಿ ಒಳಗೆ ತಣ್ಣಗಾದ್ರೆ ಬಿಸಿ ಹೊರಗೆ ಹೋಗ್ತಿಲ್ಲ ಅಂತ ಪಕ್ಕಾ. ಫ್ಯಾನ್ ಮೋಟಾರಿನ ಬ್ರಶ್ ಸವೆದಿರುತ್ತೆ, ತಿರುಗೋದೇನೋ ತಿರುಗುತ್ತೆ, ಸ್ಪೀಡ್ ಇರಲ್ಲ. ಆಯುಧಪೂಜೆ ಮುಗಿದ ಮೇಲೆ ನನ್ನ ಹತ್ರ ಬರೋ ಗಾಡಿಗಳಲ್ಲಿ ಇನ್ನೊಂದು ಮಜಾ ಇದೆ, ಮುಂದೆ ಕಟ್ಟಿದ ಬಾಳೆಕಂದು ಹಾರ ವಾರಗಟ್ಟಲೆ ಬಿಚ್ಚಿರಲ್ಲ, ಒಣಗಿದ ಚೆಂಡುಹೂವಿನ ಎಸಳೆಲ್ಲಾ ಉದುರಿ ಕಂಡೆನ್ಸರಿನ ತೆಳು ತಗಡಿನ ಫಿನ್‌ಗಳಿಗೆ ಹೋಗಿ ಅಂಟ್ಕೊಂಡಿರುತ್ತೆ. ತೊಳೀಬೇಕಾದ್ರೆ ಸಾದಾ ಪೈಪ್ ನೀರು ಸಾಕು, ಪ್ರೆಶರ್ ವಾಶ್ ಹತ್ರದಿಂದ ಹೊಡೆದ್ರೆ ಫಿನ್ ಮಲಗಿಬಿಡುತ್ತೆ.

ಪ್ರಶ್ನೆ: ಮಂಗಳೂರಿಂದ ಬೆಂಗಳೂರಿಗೆ ಹೋಗ್ತಾ ಶಿರಾಡಿ ಘಾಟ್ ಹತ್ತೋ ಹೊತ್ತಿಗೆ ಗಾಳಿನೇ ಕಮ್ಮಿ ಆಗುತ್ತೆ, ಬ್ಲೋವರ್ ನಾಲ್ಕರಲ್ಲಿಟ್ರೂ ಸೌಂಡ್ ಮಾತ್ರ. ಟೀ ಕುಡಿದು ಬಂದ್ರೆ ಸರಿ ಇರುತ್ತೆ.

ಉತ್ತರ: ಕರಾವಳಿ ತೇವದ ಗಾಳಿ, ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿದೆ, ಐಸ್ ಗೋಡೆ ಆಗಿ ಗಾಳಿ ಬಿಡ್ತಿಲ್ಲ, ನೀವು ಟೀ ಕುಡಿಯೋ ಹೊತ್ತಿಗೆ ಕರಗುತ್ತೆ. ಮೊದ್ಲು ಗ್ಲೋವ್‌ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಒಮ್ಮೆನೂ ತೆಗೆದಿಲ್ಲ ಅಂದ್ರೆ ಎಲೆ ಚೂರು, ಇಲಿ ಹಿಕ್ಕೆ ಎಲ್ಲಾ ದರ್ಶನ ಆಗುತ್ತೆ. ಅದು ಕ್ಲೀನಿದ್ರೆ ಕಾಯಿಲ್‌ಗೆ ಚುಚ್ಚಿರೋ ಟೆಂಪರೇಚರ್ ಸೆನ್ಸರ್, ಐಸ್ ಕಟ್ಟೋಕೆ ಮುಂಚೆ ಕಂಪ್ರೆಸರ್ ನಿಲ್ಸೋದು ಅದರ ಕೆಲ್ಸ, ಅದು ಮಾಡ್ತಿಲ್ಲ. ಬದಲಾಯ್ಸೋವರೆಗೆ ಗಾಳಿ ಕಮ್ಮಿ ಆದಾಗ ಎಸಿ ಬಟನ್ ಮಾತ್ರ ಆಫ್ ಮಾಡಿ ಬ್ಲೋವರ್ ಹತ್ತು ನಿಮಿಷ ಓಡಿಸಿ, ಕಾರ್ ನಿಲ್ಸೋದೇ ಬೇಕಿಲ್ಲ. ಟೀ ನಿಮ್ಮಿಷ್ಟ.

ಪ್ರಶ್ನೆ: ದಾವಣಗೆರೆ. ಎಸಿ ಹಾಕಿದ್ರೆ ಕಾರ್ ಕೆಳಗೆ ನೀರು ತೊಟ್ಟಿಕ್ಕುತ್ತೆ, ಇದು ಗ್ಯಾಸ್ ಲೀಕಾ?

ಉತ್ತರ: ಅಲ್ಲ, ಗಾಳಿಲಿರೋ ತೇವ ಕಾಯಿಲ್ ಮೇಲೆ ನೀರಾಗಿ ಹೊರಗೆ ಹೋಗ್ತಿದೆ, ಒಳ್ಳೇದೇ. ತೊಟ್ಟಿಕ್ಕೋದು ನಿಂತು ಪಕ್ಕದ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆ ಆದ್ರೆ ಆಗ ಬರೀರಿ, ಡ್ರೈನ್ ಪೈಪ್ ಕಟ್ಕೊಂಡಿರುತ್ತೆ.