ಮುಂದೂಡುವುದಾದರೆ ಯಾವ ತಾರೀಖಿಗೆ?

(ಗುರುತು ಸಿಗಬಾರದೆಂದು ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಶ್ವೇತಾಗೆ 24 ವರ್ಷ. ತವರು ಭದ್ರಾವತಿ. ಮದುವೆಯಾಗಿ ಸೇರಿದ್ದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗಿರುವ ಒಂದು ಹಳ್ಳಿಯ ಅಡಿಕೆ ತೋಟದ ಮನೆಗೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಿಬ್ಬೊಟ್ಟೆಯ ಬಲಬದಿಯಲ್ಲಿ ಆಗಾಗ ಸೆಳೆತ ಬರುತ್ತಿದೆಯೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಬಲ ಅಂಡಾಶಯದಲ್ಲಿ 6.4 ಸೆಂಟಿಮೀಟರ್ ಗಾತ್ರದ ಗಡ್ಡೆ ಕಂಡಿತ್ತು. ವರದಿಯಲ್ಲಿ ಡರ್ಮಾಯ್ಡ್ ಸಿಸ್ಟ್ ಎಂದು ಬರೆದಿತ್ತು. "ಗಾಬರಿಪಡುವಂಥದ್ದೇನಿಲ್ಲ, ಆದರೆ ಆಪರೇಷನ್ ಮಾಡಿಸಿಕೊಳ್ಳಿ" ಎಂದಿದ್ದರು ಡಾಕ್ಟರ್. ಆ ಮಾತಿನ ಮೊದಲರ್ಧವನ್ನು ಗಂಡನ ಮನೆಯವರೂ ಉಳಿದರ್ಧವನ್ನು ತವರಿನವರೂ ಹಿಡಿದು ಕುಳಿತಿದ್ದರು.

ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಶಿವಮೊಗ್ಗಕ್ಕೆ ಬಂದು ಆಪ್ತಸಲಹೆಗಾರ್ತಿಯಾದ ನನ್ನನ್ನು ಕಂಡರು. ಆಕೆಯನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಆತನೇ ಉತ್ತರ ಕೊಡುತ್ತಿದ್ದ. ಮುಟ್ಟಿನ ಲೆಕ್ಕ ಕೇಳಿದಾಗ ಮಾತ್ರ ಸುಮ್ಮನಾದ. ಅದೇ ಸಮಯವೆಂದು, ಟೀ ಕುಡಿದು ಬನ್ನಿ ಎಂದು ಹೊರಗೆ ಕಳುಹಿಸಿದೆ.

ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗಿಂದ ಆಕೆ ತೆಗೆದ ವರದಿ ಮಡಿಕೆಯ ಗೆರೆಯಲ್ಲಿ ಹರಿಯುವಷ್ಟು ಸವೆದಿತ್ತು. "ಅತ್ತೆ ಅಡಿಕೆ ಕೊಯ್ಲು ಮುಗಿಯಲಿ ಎನ್ನುತ್ತಾರೆ ಮೇಡಂ. ಗೊನೆ ಇಳಿಸಿ, ಸುಲಿದು, ಬೇಯಿಸಿ ಮುಗಿಯುವಾಗ ಜನವರಿ ಆಗುತ್ತದೆ. ಅಮ್ಮ ನಾಳೆಯೇ ಬಾ ಎನ್ನುತ್ತಾಳೆ. ಮುಂದೆ ಹಾಕಿದರೆ ತೊಂದರೆಯಾಗುತ್ತದೆಯೇ?"

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುವುದು ಆಪ್ತಸಲಹೆಗಾರ್ತಿಯ ಕೆಲಸವಲ್ಲ, ಅದನ್ನು ಹೇಳಬೇಕಾದವರು ಸ್ತ್ರೀರೋಗ ತಜ್ಞರು. ಆದರೆ ಡಾಕ್ಟರ ಮುಂದೆ ಏನು ಕೇಳಬೇಕೆಂದು ಗೊತ್ತಿಲ್ಲದೆ, ಸಿಕ್ಕ ಐದು ನಿಮಿಷವನ್ನು ತಲೆಯಾಡಿಸುತ್ತಲೇ ಕಳೆದು ಬರುವವರೇ ಹೆಚ್ಚು. ಹಾಗಾಗಿ ವರದಿಯನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಕೂಡಿ ಓದಿದೆವು.

ಅಂಡಾಶಯದ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ತಿಂಗಳ ಚಕ್ರದ ಏರುಪೇರಿನಿಂದ ಆಗುವ ನೀರುಗುಳ್ಳೆ ಸಾಮಾನ್ಯವಾಗಿ ಎರಡು ಮೂರು ಮುಟ್ಟು ಕಳೆಯುವುದರೊಳಗೆ ತಾನಾಗಿ ಕರಗುತ್ತದೆ. ಅಂಥದ್ದಕ್ಕೆ ಆಪರೇಷನ್ ಮಾಡಿಸಲು ಹೊರಟ ಕಾಲೇಜು ಹುಡುಗಿಯೊಬ್ಬಳ ತಂದೆತಾಯಿಯನ್ನು ಮತ್ತೊಬ್ಬ ವೈದ್ಯರ ಅಭಿಪ್ರಾಯ ಕೇಳುವಂತೆ ಹಿಂದೆ ಕಳುಹಿಸಿದ್ದೂ ಇದೆ. ಮರು ಸ್ಕ್ಯಾನಿಂಗ್ ಹೊತ್ತಿಗೆ ಆ ಗುಳ್ಳೆ ಇರಲಿಲ್ಲ. ಡರ್ಮಾಯ್ಡ್ ಹಾಗೆ ಕರಗುವುದಿಲ್ಲ. ಬೆಳೆಯುವುದು ಬಹಳ ನಿಧಾನ, ವರ್ಷಕ್ಕೆ ಒಂದೆರಡು ಮಿಲಿಮೀಟರ್. ಕ್ಯಾನ್ಸರ್ ಆಗುವುದು ಅಪರೂಪ, ನೂರರಲ್ಲಿ ಒಂದೋ ಎರಡೋ, ಅದೂ ಹೆಚ್ಚಾಗಿ ವಯಸ್ಸಾದವರಲ್ಲಿ. ನಿಜವಾದ ಭಯ ಬೇರೆ: ಭಾರವಾದ ಅಂಡಾಶಯ ಬುಡದಲ್ಲಿ ತಿರುಚಿಕೊಂಡರೆ ಅದಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಐದು ಸೆಂಟಿಮೀಟರ್ ದಾಟಿದ ಗಡ್ಡೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಹಾಗೆ ತಿರುಚಿದರೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಬೇಕು, ತಡವಾದರೆ ಅಂಡಾಶಯವನ್ನೇ ಕಳೆದುಕೊಳ್ಳಬೇಕಾಗಬಹುದು.

"ಮಳೆಗಾಲದಲ್ಲಿ ನಿಮ್ಮ ಮನೆಯಿಂದ ಟಾರು ರಸ್ತೆಗೆ ಎಷ್ಟು ಹೊತ್ತು?" ಎಂದು ಕೇಳಿದೆ.

ಆಕೆ ಸ್ವಲ್ಪ ಯೋಚಿಸಿ ಹೇಳಿದಳು. ಮನೆಗೂ ರಸ್ತೆಗೂ ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಆರಿದ್ರಾ ಮಳೆ ಹಿಡಿದರೆ ಸಂಕದ ಮೇಲೆಯೇ ನೀರು ಹರಿಯುತ್ತದಂತೆ. 108 ಕರೆದರೂ ಅದು ಆಚೆ ದಡದಲ್ಲಿ ನಿಲ್ಲಬೇಕು. ಆ ದಿನಗಳಲ್ಲಿ ಮೊಬೈಲ್ ಸಿಗ್ನಲ್ ಕೂಡ ಕರೆಂಟಿನ ಜೊತೆಗೇ ಹೋಗಿರುತ್ತದೆ. ಜನವರಿಯವರೆಗೆ ಎಂದರೆ ಇಡೀ ಮಳೆಗಾಲವನ್ನು ಆ ದಡದಲ್ಲಿ ಕಳೆಯುವುದೆಂದು ಅರ್ಥ. ಇದು ಯಾವ ಸ್ಕ್ಯಾನಿಂಗ್ ವರದಿಯಲ್ಲೂ ಬರುವುದಿಲ್ಲ. ಮನೆಯ ದಾರಿ ಎಂಥದ್ದೆಂದು ಡಾಕ್ಟರಿಗೆ ನಾವೇ ಹೇಳಬೇಕು, ಆಕೆ ಹೇಳಿರಲಿಲ್ಲ.

ಮುಂದಿನ ಭೇಟಿಗೆ ಅತ್ತೆಯನ್ನೂ ಕರೆತರಲು ಹೇಳಿದೆ. ಬಂದರು. ಮೊದಲು ಕೊಯ್ಲಿನ ಮಾತೇ ನಡೆಯಿತು. ಆಳು ಸಿಗುವುದಿಲ್ಲ, ರಾತ್ರಿ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂರುವವರು ಯಾರು, ಇತ್ಯಾದಿ. ನಾನು ವಾದಿಸಲಿಲ್ಲ. ಸಾಮಾನ್ಯವಾಗಿ ಹೊಟ್ಟೆಗೆ ಸಣ್ಣ ತೂತು ಮಾಡಿ ಉದರದರ್ಶಕದಿಂದ (ಲ್ಯಾಪರೊಸ್ಕೋಪಿ) ಮಾಡುವ ಆಪರೇಷನ್ ಆದರೆ ಒಂದೆರಡು ವಾರದಲ್ಲಿ ಹಗುರ ಕೆಲಸಕ್ಕೂ ನಾಲ್ಕರಿಂದ ಆರು ವಾರದಲ್ಲಿ ಭಾರ ಎತ್ತುವುದಕ್ಕೂ ಡಾಕ್ಟರ್ ಒಪ್ಪುತ್ತಾರೆ, ಈಗಲೇ ಮುಗಿಸಿದರೆ ಕೊಯ್ಲಿನ ಹೊತ್ತಿಗೆ ಸೊಸೆ ಮನೆಯಲ್ಲೇ ಇರುತ್ತಾಳೆ ಎಂದೆ. ಅವರು ತುಸು ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕುಳಿತು, ಆಮೇಲೆ ಹೇಳಿದರು: "ನನಗೂ ಗಡ್ಡೆ ಎಂದೇ ಹೇಳಿದ್ದರಮ್ಮ. ಮೂವತ್ನಾಲ್ಕಕ್ಕೇ ಗರ್ಭಕೋಶ ತೆಗೆದರು. ನನಗಾದರೋ ಎರಡು ಮಕ್ಕಳಾಗಿದ್ದವು. ಇವಳಿಗೆ ಇನ್ನೂ ಒಂದೂ ಆಗಿಲ್ಲ."

ಕೊಯ್ಲಿನ ನೆಪದ ಹಿಂದೆ ಇದ್ದದ್ದು ಇದು. ನಮ್ಮ ಕಡೆ ಗಡ್ಡೆ ಎಂದರೆ ಗರ್ಭಕೋಶದ್ದು, ಆಪರೇಷನ್ ಎಂದರೆ ಅದನ್ನು ತೆಗೆಯುವುದು ಎಂದೇ ಆಗಿಹೋಗಿದೆ. ಮೊಮ್ಮಗುವನ್ನು ಉಳಿಸಿಕೊಳ್ಳಲು ಆಕೆ ಆಪರೇಷನ್ನನ್ನು ತಳ್ಳುತ್ತಿದ್ದರು, ಅಷ್ಟೇ. ಕಾಗದದ ಮೇಲೆ ಗರ್ಭಕೋಶ, ಅದರ ಎರಡು ಪಕ್ಕದ ಅಂಡಾಶಯಗಳು, ಒಂದರಲ್ಲಿ ಗಡ್ಡೆ ಬರೆದು ತೋರಿಸಿದೆ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆದು ಅಂಡಾಶಯ ಉಳಿಸಲು ನೋಡುತ್ತಾರೆ. ಒಂದು ಅಂಡಾಶಯ ಹೋದರೂ ಇನ್ನೊಂದು ಸರಿಯಿದ್ದರೆ ಗರ್ಭ ನಿಲ್ಲಬಹುದು. ಬಿಟ್ಟು ತಿರುಚಿಕೊಂಡರೆ ಉಳಿಸಬಹುದಾಗಿದ್ದನ್ನೂ ಕಳೆದುಕೊಳ್ಳಬಹುದು.

ಡಾಕ್ಟರಿಗೆ ಕೇಳಲು ಶ್ವೇತಾಳ ಕೈಯಲ್ಲೇ ಪ್ರಶ್ನೆಗಳನ್ನು ಬರೆಸಿದೆ. ಇದು ಕರಗುವ ಗಡ್ಡೆಯಲ್ಲ ಎಂಬುದು ಎಷ್ಟು ಖಚಿತ? ಗಡ್ಡೆ ಮಾತ್ರ ತೆಗೆಯುತ್ತೀರೋ ಅಂಡಾಶಯವನ್ನೂ ತೆಗೆಯುತ್ತೀರೋ, ಯಾವ ಸಂದರ್ಭದಲ್ಲಿ ತೀರ್ಮಾನ ಬದಲಾಗುತ್ತದೆ, ಒಪ್ಪಿಗೆ ಪತ್ರದಲ್ಲಿ ಅದು ಇದೆಯೇ? ಮುಂದೂಡುವುದಾದರೆ ಯಾವ ತಾರೀಖಿನವರೆಗೆ, ನಡುವೆ ಸ್ಕ್ಯಾನಿಂಗ್ ಯಾವಾಗ? ಅಷ್ಟರೊಳಗೆ ಗರ್ಭ ನಿಂತರೆ? ಕೊನೆಯದನ್ನು ಬರೆಯಲು ಆಕೆ ನಾಚಿದಳು. ಮದುವೆಯಾದ ತಿಂಗಳಿಂದಲೇ "ಏನಾದರೂ ವಿಶೇಷ ಉಂಟೇ" ಎಂದು ನೆಂಟರೆಲ್ಲ ಕೇಳುತ್ತಿರುವಾಗ ಡಾಕ್ಟರಿಗೆ ಕೇಳಲು ನಾಚಿಕೆಯೇಕೆ? ಬಸಿರಿನಲ್ಲಿಯೂ ಗಡ್ಡೆ ತಿರುಚಿಕೊಳ್ಳಬಹುದು. ಆಗ ಆಪರೇಷನ್ ಮಾಡುವುದು ಸಾಧ್ಯವಾದರೂ ತೊಡಕು ಹೆಚ್ಚು.

ಅಂಡಾಶಯದ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಸಿಎ-125 ರಕ್ತಪರೀಕ್ಷೆಯ ಅಂಕಿ ಸ್ವಲ್ಪ ಏರಿದ್ದನ್ನು ಮೊಬೈಲಿನಲ್ಲಿ ಹುಡುಕಿ ಗಂಡ ಕಂಗಾಲಾಗಿದ್ದ. ಇನ್ನೂ ಮುಟ್ಟು ನಿಂತಿರದ ವಯಸ್ಸಿನ ಹೆಂಗಸರಲ್ಲಿ ಅದು ಮುಟ್ಟಿನ ದಿನಗಳಲ್ಲೂ ಏರುತ್ತದೆ, ಅದೊಂದರಿಂದಲೇ ಕ್ಯಾನ್ಸರ್ ಎಂದು ತೀರ್ಮಾನಿಸುವುದಿಲ್ಲ ಎಂದು ತಿಳಿಸಿದೆ. ಉಳಿದದ್ದನ್ನು ಡಾಕ್ಟರಿಗೇ ಬಿಟ್ಟೆ.

ತಾರೀಖನ್ನು ಹುಡುಕಿದವಳು ಶ್ವೇತಾಳೇ. ಮದುವೆಯಾದ ಮೊದಲ ಆಷಾಢಕ್ಕೆ ಹೇಗೂ ತವರಿಗೆ ಹೋಗಬೇಕು. ಭದ್ರಾವತಿಯಲ್ಲಿದ್ದರೆ ಹಳ್ಳವೂ ಇಲ್ಲ, ಸಂಕವೂ ಇಲ್ಲ, ಆಸ್ಪತ್ರೆ ಹತ್ತಿರ, ಆರೈಕೆಗೆ ಅಮ್ಮ. ಆಷಾಢದಲ್ಲಿ ಒಳ್ಳೆಯ ಕೆಲಸ ಮಾಡಬಾರದಲ್ಲ ಎಂದು ಅತ್ತೆ ಒಮ್ಮೆ ರಾಗ ತೆಗೆದು, ಆಪರೇಷನ್ ಶುಭಕಾರ್ಯವೇನಲ್ಲ ಎಂದು ತಾವೇ ಸಮಾಧಾನ ಮಾಡಿಕೊಂಡರು. ಡಾಕ್ಟರ್ ಒಪ್ಪಿದರು, ಒಂದು ಷರತ್ತಿನ ಮೇಲೆ: ಮಳೆ ಶುರುವಾಗುವ ಮುಂಚೆಯೇ ಆಕೆ ತವರು ಸೇರಬೇಕು. ಆಷಾಢಕ್ಕೆ ಮುಂಚೆಯೇ ಕಳುಹಿಸಿದರೆ ಊರಿನವರು ಜಗಳವೆಂದುಕೊಳ್ಳುತ್ತಾರೆ ಎಂಬ ಚಿಂತೆ ಬಂತು. ಗಂಡನೇ ಬೈಕಿನಲ್ಲಿ ಕೂರಿಸಿಕೊಂಡು ಬಿಟ್ಟುಬರಲಿ ಎಂದೆ.

ಇನ್ನೂ ಕೆಲವನ್ನು ಒತ್ತಿ ಹೇಳಿ ಕಳುಹಿಸಿದೆ. ಒಂದೇ ಬದಿಯಲ್ಲಿ ಒಮ್ಮೆಲೇ ತೀವ್ರ ನೋವು, ಜೊತೆಗೆ ವಾಂತಿ, ತಲೆಸುತ್ತು ಅಥವಾ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಬಿಸಿನೀರಿನ ಶಾಖ ಕೊಟ್ಟು ನೋಡೋಣ ಎನ್ನಬಾರದು. ಯಾರಿಂದಲೂ ಹೊಟ್ಟೆ ನೀವಿಸಿಕೊಳ್ಳಬಾರದು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಯೋಜನೆಯ ಬಗ್ಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಲು ತಿಳಿಸಿದೆ.

ಮತ್ತೊಂದು ಮಾತನ್ನು ಅತ್ತೆಯ ಎದುರೇ ಆಡಿದೆ. ಡರ್ಮಾಯ್ಡ್ ಗಡ್ಡೆಯೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ದೇಹದ ಯಾವ ಅಂಗಾಂಶವಾಗಿಯೂ ಬೆಳೆಯಬಲ್ಲ, ಅಂಡಾಣುವಾಗಬೇಕಾದ ಜೀವಕೋಶದಿಂದ ಹುಟ್ಟುವುದರಿಂದ ಹೀಗಾಗುತ್ತದೆ. ಮೊದಲೇ ಹೇಳದಿದ್ದರೆ ಕೂದಲು ಕಂಡ ದಿನ ಯಾರೋ ಮದ್ದು ಹಾಕಿದ್ದಾರೆ ಎಂಬ ಮಾತು ಹುಟ್ಟಿ ಎರಡು ಮನೆಗಳ ನಡುವೆ ಬೆಂಕಿ ಬೀಳುತ್ತಿತ್ತು. ಅತ್ತೆ ನನ್ನನ್ನು ಅನುಮಾನದಿಂದಲೇ ನೋಡಿದರು.

ಆಷಾಢದಲ್ಲಿ ಆಪರೇಷನ್ ಆಯಿತು. ಗಡ್ಡೆಯನ್ನಷ್ಟೇ ತೆಗೆದರು, ಅಂಡಾಶಯ ಉಳಿಯಿತು. ಕೂದಲೂ ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು. ನೂರರಲ್ಲಿ ಸುಮಾರು ಹತ್ತು ಮಂದಿಗೆ ಡರ್ಮಾಯ್ಡ್ ಎರಡೂ ಬದಿಯಲ್ಲಿ ಕಾಣಿಸಿಕೊಳ್ಳುವುದರಿಂದ ಎಡಭಾಗವನ್ನು ಆಗಾಗ ನೋಡಿಸುತ್ತಿರಬೇಕು.

ಅಡಿಕೆ ಸುಲಿಯುವ ಕೆಲಸ ನಡೆದಿರುವಾಗಲೇ ಅತ್ತೆ ಒಬ್ಬರೇ ಬಂದರು. ತಮ್ಮಿಂದ ಆಗ ಏನೇನು ತೆಗೆದರೆಂದು ತಿಳಿಯಬೇಕಂತೆ, ಕಾಗದ ಒಂದೂ ಇಲ್ಲ. ಅಂಡಾಶಯ ಉಳಿದಿದೆಯೇ ಎಂಬುದು ಸ್ಕ್ಯಾನಿಂಗ್‌ನಲ್ಲಿ ಬಹುಮಟ್ಟಿಗೆ ಗೊತ್ತಾಗಬಹುದು ಎಂದೆ. ಈ ವಯಸ್ಸಿನಲ್ಲಿ ಅಲ್ಲಿ ಗಡ್ಡೆಯೇನಾದರೂ ಕಂಡರೆ ಕೊಯ್ಲಿನ ಲೆಕ್ಕ ಹಾಕದೆ ಆ ವಾರವೇ ಡಾಕ್ಟರ ಬಳಿ ಹೋಗಬೇಕೆಂದೂ ಹೇಳಿದೆ.