ಫುಟ್‌ಬಾಲ್ ಗೊತ್ತಿಲ್ಲದವರೂ ಎಫ್‌ಪಿಎಲ್ ಆಡಬಹುದಾ?

ಪ್ರಶ್ನೆ: ಆಫೀಸಿನಲ್ಲಿ ಎಲ್ಲರೂ ಫ್ಯಾಂಟಸಿ ಪ್ರೀಮಿಯರ್ ಲೀಗ್ (ಎಫ್‌ಪಿಎಲ್) ಎಂಬ ಆನ್‌ಲೈನ್ ಆಟ ಆಡುತ್ತಾರೆ. ಈ ಸಲ ನನ್ನನ್ನೂ ಎಳೆದುಕೊಂಡಿದ್ದಾರೆ. ನಾನು ಫುಟ್‌ಬಾಲ್ ನೋಡುವುದು ವರ್ಲ್ಡ್ ಕಪ್ ಬಂದಾಗ ಮಾತ್ರ. ಇದಕ್ಕೆ ದುಡ್ಡು ಕಟ್ಟಬೇಕಾ? ಎಲ್ಲಿಂದ ಶುರು ಮಾಡಲಿ?
– ಹುಬ್ಬಳ್ಳಿಯ ಓದುಗರು

ಉತ್ತರ: ಒಂದು ಪೈಸೆಯೂ ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾಯ್ದೆ ತಂದು ನಿಷೇಧಿಸಿತು. ಆದರೆ ಎಫ್‌ಪಿಎಲ್ ಮೊದಲಿನಿಂದಲೂ ಪುಕ್ಕಟೆ ಆಟ. ಇಲ್ಲಿ ಪಣಕ್ಕಿರುವುದು ಆಫೀಸಿನಲ್ಲಿ ನಿಮ್ಮ ಮರ್ಯಾದೆ ಮಾತ್ರ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನ 20 ಕ್ಲಬ್‌ಗಳಿಂದ 15 ಆಟಗಾರರನ್ನು ಆರಿಸಬೇಕು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಕೈಯಲ್ಲಿ 100 ಮಿಲಿಯನ್ ಪೌಂಡ್ ಇರುತ್ತದೆ, ಸುಮ್ನೆ ಲೆಕ್ಕದ ದುಡ್ಡು. ಒಂದು ಕ್ಲಬ್ಬಿನಿಂದ ಮೂವರಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಪ್ರತಿ ವಾರ 11 ಜನರನ್ನು ಇಳಿಸುತ್ತೀರಿ, ನಾಲ್ವರು ಬೆಂಚಿನಲ್ಲಿ. ನಿಜವಾದ ಪಂದ್ಯದಲ್ಲಿ ಅವರು ಆಡಿದ್ದಕ್ಕೆ ನಿಮಗೆ ಪಾಯಿಂಟ್. ಕ್ಯಾಪ್ಟನ್ ಮಾಡಿದವನಿಗೆ ಡಬಲ್.

ಹೊಸಬರು ಹೆಸರು ನೋಡಿ ತಂಡ ಕಟ್ಟುತ್ತಾರೆ. ನೀವು ನಿಮಿಷ ನೋಡಿ. 60 ನಿಮಿಷ ಮೈದಾನದಲ್ಲಿ ಇದ್ದರೆ ಸಾಕು, 2 ಪಾಯಿಂಟ್. ಕೊನೇ ಹತ್ತು ನಿಮಿಷಕ್ಕೆ ಇಳಿದ ದೊಡ್ಡ ಸ್ಟಾರ್‌ಗೆ 1. ವಾರವಾರ ತಪ್ಪದೆ ಪೂರ್ತಿ ಆಡುವ 11 ಜನ ಸಿಕ್ಕರೆ, ಫುಟ್‌ಬಾಲ್ ಅರೆದು ಕುಡಿದವರನ್ನೂ ನೀವು ಹಿಂದೆ ಹಾಕಬಹುದು. ನಂಬಿಕೆ ಬರುತ್ತಿಲ್ಲ ಅಲ್ವಾ? 2025-26ರ ನಿಯಮ ಹಿಡಿದು ಲೆಕ್ಕ ಹಾಕೋಣ.

4.5 ಮಿಲಿಯನ್‌ನ ಒಬ್ಬ ಡಿಫೆಂಡರ್ 90 ನಿಮಿಷ ಆಡಿದ: 2. ಅವನ ತಂಡ ಗೋಲು ಬಿಟ್ಟುಕೊಡಲಿಲ್ಲ: 4. ಚೆಂಡು ತಡೆದು, ಹೊರಗಟ್ಟಿ, ಕಸಿದು ಒಟ್ಟು ಹತ್ತು ಸಲ ರಕ್ಷಣೆಯ ಕೆಲಸ ಮಾಡಿದ: ಇನ್ನೂ 2. ಒಟ್ಟು 8. ಅದೇ ವಾರ 14 ಮಿಲಿಯನ್‌ನ ಫಾರ್ವರ್ಡ್ ಒಂದು ಗೋಲು ಹೊಡೆದ. 2 ಪ್ಲಸ್ 4, ಒಟ್ಟು 6. ಬೋನಸ್ ಬಂದರೆ ಇನ್ನೆರಡೋ ಮೂರೋ ಸೇರಬಹುದು, ಅಷ್ಟೆ.

ಹಾಗಂತ ದುಬಾರಿ ಆಟಗಾರರೇ ಬೇಡ ಅನ್ನುತ್ತಿಲ್ಲ. ಕ್ಯಾಪ್ಟನ್ ಮಾಡಲು ಅಂಥವರು ಒಬ್ಬಿಬ್ಬರು ಬೇಕೇ ಬೇಕು. ಉಳಿದ ಕಡೆ ಕೈ ಬಿಗಿ ಹಿಡಿಯಿರಿ. ಎರಡನೇ ಗೋಲ್‌ಕೀಪರ್ ಅತಿ ಅಗ್ಗದವನಿರಲಿ. ಆದರೆ ಬೆಂಚಿನ ಮೊದಲನೆಯವನು ಮಾತ್ರ ನಿಜವಾಗಿ ಪಂದ್ಯ ಆಡುವವನೇ ಆಗಬೇಕು. ನಿಮ್ಮ ಹನ್ನೊಂದರಲ್ಲಿ ಒಬ್ಬ ಮೈದಾನಕ್ಕೇ ಇಳಿಯದಿದ್ದರೆ ತಾನಾಗಿ ಒಳಗೆ ಬರುವವನು ಸಾಮಾನ್ಯವಾಗಿ ಅವನೇ.

ಇನ್ನೊಂದು ಗುಟ್ಟಿದೆ. ಗೋಲಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಫಾರ್ವರ್ಡ್‌ಗೆ 4, ಮಿಡ್‌ಫೀಲ್ಡರ್‌ಗೆ 5, ಡಿಫೆಂಡರ್‌ಗೆ 6. ಲಿವರ್‌ಪೂಲ್‌ನಲ್ಲಿ ಮೊಹಮದ್ ಸಲಾ ಮುಂದೆ ನಿಂತು ಗೋಲು ಹೊಡೆಯುತ್ತಿದ್ದರೂ ಈ ಆಟದಲ್ಲಿ ಅವರು ಮಿಡ್‌ಫೀಲ್ಡರ್ ಪಟ್ಟಿಯಲ್ಲಿದ್ದರು. 2024-25ರಲ್ಲಿ ಅವರು 29 ಗೋಲು ಹೊಡೆದರು. ಬರೀ ಆ ಪಟ್ಟಿಯಿಂದಲೇ ಅವರನ್ನು ಇಟ್ಟುಕೊಂಡವರಿಗೆ 29 ಪಾಯಿಂಟ್ ಜಾಸ್ತಿ ಬಂತು. ಆ ಸೀಸನ್ನಿನ ಅವರ 344 ಪಾಯಿಂಟ್ ದಾಖಲೆಯಾಯಿತು. ಆಟಗಾರನನ್ನು ಕೊಳ್ಳುವಾಗ ಅವನು ಎಲ್ಲಿ ಆಡುತ್ತಾನೆ, ಪಟ್ಟಿಯಲ್ಲಿ ಎಲ್ಲಿದ್ದಾನೆ, ಎರಡನ್ನೂ ನೋಡಿ.

ವೈಲ್ಡ್‌ಕಾರ್ಡ್, ಬೆಂಚ್ ಬೂಸ್ಟ್ ಮುಂತಾದ ಚಿಪ್‌ಗಳ (ಆಟದಲ್ಲಿ ಸಿಗುವ ವಿಶೇಷ ಸೌಲಭ್ಯಗಳ) ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಒಂದು ತಿಂಗಳು ಆಡಿ.

ಪ್ರಶ್ನೆ: ಮೂರು ವಾರದಿಂದ ಆಡುತ್ತಿದ್ದೇನೆ. ತಂಡ ಸರಿ ಬರಲಿಲ್ಲ ಅಂತ ಎರಡನೇ ವಾರ ನಾಲ್ವರನ್ನು ಬದಲಿಸಿದೆ, ಮೂರನೇ ವಾರ ಮತ್ತೆ ನಾಲ್ವರನ್ನು. ಆದರೂ ಲೀಗಿನಲ್ಲಿ ನಾನೇ ಕೊನೆ. ಎಲ್ಲಿ ತಪ್ಪುತ್ತಿದ್ದೇನೆ?
– ಬೆಂಗಳೂರಿನ ಓದುಗರು

ಉತ್ತರ: ತಪ್ಪು ನಿಮ್ಮ ಪ್ರಶ್ನೆಯಲ್ಲೇ ಇದೆ. ವಾರಕ್ಕೆ ಒಂದು ಬದಲಾವಣೆ ಮಾತ್ರ ಪುಕ್ಕಟೆ. ಅದರ ಮೇಲೆ ಪ್ರತಿಯೊಂದಕ್ಕೂ 4 ಪಾಯಿಂಟ್ ಕಟ್. ನಾಲ್ವರನ್ನು ಬದಲಿಸಿದರೆ 12 ಹೋಯಿತು. ಎರಡು ವಾರಕ್ಕೆ 24. ಫಾರ್ವರ್ಡ್ ಒಬ್ಬ ಆರು ಗೋಲು ಹೊಡೆದರೆ ಬರುವಷ್ಟು ಪಾಯಿಂಟನ್ನು ನೀವೇ ಕೈಯಾರೆ ಚೆಲ್ಲಿದ್ದೀರಿ.

ನಾನೂ ಶುರುವಿನಲ್ಲಿ ಹೀಗೇ ಮಾಡಿದವನು. ಭಾನುವಾರ ರಾತ್ರಿ ಸಿಟ್ಟಿನಲ್ಲಿ ಒಬ್ಬನನ್ನು ಮಾರಿದೆ. ಮುಂದಿನ ಶನಿವಾರ ಅವನು ಎರಡು ಗೋಲು ಹೊಡೆದ. ನಾನು ತಂದವನು ಗುರುವಾರದ ಪ್ರಾಕ್ಟೀಸಿನಲ್ಲಿ ಕಾಲು ಉಳುಕಿಸಿಕೊಂಡಿದ್ದ. ಅಂದಿನಿಂದ ಭಾನುವಾರ ರಾತ್ರಿ ನಾನು ಆ್ಯಪ್ ಮುಟ್ಟುವುದಿಲ್ಲ. ಕೋಚ್‌ಗಳು ಪಂದ್ಯಕ್ಕೆ ಮುಂಚೆ ಪತ್ರಿಕಾಗೋಷ್ಠಿಯಲ್ಲಿ ಗಾಯದ ಸುದ್ದಿ ಹೇಳುತ್ತಾರೆ. ಅದು ಬರುವ ತನಕ ಕಾಯಿರಿ. ಬಳಸದ ಬದಲಾವಣೆ ಹಾಳಾಗುವುದಿಲ್ಲ, ಐದರ ತನಕ ಕೂಡಿಟ್ಟುಕೊಳ್ಳಬಹುದು.

ಪ್ರಶ್ನೆ: ವಾರದ ತಂಡ ಬದಲಿಸುವ ಡೆಡ್‌ಲೈನ್ ನಮ್ಮಲ್ಲಿ ಎಷ್ಟು ಗಂಟೆಗೆ? ಕಳೆದ ಸಲ ತಪ್ಪಿಹೋಯಿತು.
– ಮಂಗಳೂರಿನ ಓದುಗರು

ಉತ್ತರ: ವಾರದ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ. ತಪ್ಪಿದರೆ ಹಳೇ ತಂಡವೇ ಮುಂದುವರಿಯುತ್ತದೆ, ಸೊನ್ನೆಯೇನೂ ಆಗುವುದಿಲ್ಲ. ಶನಿವಾರ ಅಲ್ಲಿನ ಮಧ್ಯಾಹ್ನ 12.30ರ ಪಂದ್ಯದಿಂದ ವಾರ ಶುರುವಾದರೆ ನಮಗೆ ಡೆಡ್‌ಲೈನ್ ಸಂಜೆ 4.30. ಇದು ಚಳಿಗಾಲದ ಲೆಕ್ಕ. ಬ್ರಿಟನ್ನಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ, ಮಾರ್ಚ್ ಕೊನೆಯ ಭಾನುವಾರ ಮುಂದಿಡುತ್ತಾರೆ. ಅಕ್ಟೋಬರಿನಲ್ಲಿ ನಮಗೆ ಒಂದು ಗಂಟೆ ಜಾಸ್ತಿ ಸಿಗುತ್ತದೆ, ತೊಂದರೆಯಿಲ್ಲ. ಜನ ಎಡವುವುದು ಏಪ್ರಿಲ್‌ನಲ್ಲಿ. ಐದು ತಿಂಗಳು ನಾಲ್ಕೂವರೆಗೆ ಒಗ್ಗಿಹೋದವರು ಊಟ ಮಾಡಿ, ಒಂದು ನಿದ್ದೆ ತೆಗೆದು, ನಾಲ್ಕಕ್ಕೆ ಫೋನ್ ನೋಡುತ್ತಾರೆ. ಬಾಗಿಲು ಮೂರೂವರೆಗೇ ಮುಚ್ಚಿರುತ್ತದೆ.