ಬೆಂಗಳೂರಿನಿಂದ ಮಂಗಳೂರಿಗೆ ಬಂದ ನಮ್ಮ ಪಗ್ ನಾಯಿ ಸೆಕೆಗೆ ಇಡೀ ದಿನ ಏದುಸಿರು ಬಿಡುತ್ತದೆ, ಏನು ಮಾಡಲಿ?

ಇಲ್ಲಿನ ಸೆಕೆ ನಮಗೇ ತಡೆಯುವುದಿಲ್ಲ, ಇನ್ನು ಪಗ್ ಪಾಡು ಕೇಳಬೇಕಾ ಮಾರಾಯ್ರೆ! ಮೇ ತಿಂಗಳಲ್ಲೂ ಇಲ್ಲಿ 34 ಡಿಗ್ರಿಯ ಆಸುಪಾಸು ಅಷ್ಟೇ. ಕಲಬುರಗಿಯವರು ಕೇಳಿದರೆ ನಗುತ್ತಾರೆ. ಆದರೆ ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ, ಬಾಯಿಯ ತೇವ ಆರಿಸಿಕೊಂಡೇ ತಂಪಾಗಬೇಕು. ಕಡಲ ಬದಿಯ ಗಾಳಿಯಲ್ಲಿ ಮೊದಲೇ ನೀರಿನಂಶ ಜಾಸ್ತಿ, ತೇವ ಬೇಗ ಆರುವುದಿಲ್ಲ. ಅದರ ಮೇಲೆ ಪಗ್‌ನದು ಮೊಂಡು ಮೂಗು, ಉಸಿರಾಡುವುದೇ ಕಷ್ಟ.

ಹಾಗಾಗಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಫ್ಯಾನ್. ಮೈ ಒದ್ದೆ ಮಾಡಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಿಟ್ಟರೆ ಪ್ರಯೋಜನ ಇಲ್ಲ. ಹೊಟ್ಟೆ, ತೊಡೆಸಂದು, ಪಾದ ಒದ್ದೆ ಮಾಡಿ, ಟೇಬಲ್ ಫ್ಯಾನನ್ನು ನೆಲದ ಮೇಲೇ ಇಡಿ. ಟ್ಯಾಂಕ್ ನೀರು ಮಧ್ಯಾಹ್ನ ಬಿಸಿಯಾಗಿರುತ್ತದೆ, ಬಾವಿ ನೀರು ಇದ್ದರೆ ಒಳ್ಳೆಯದು. ನಮ್ಮ ನಾಯಿ ತನ್ನ ಹಾಸಿಗೆ ಬಿಟ್ಟು ಬಚ್ಚಲ ಬಾಗಿಲ ಹತ್ತಿರದ ರೆಡ್ ಆಕ್ಸೈಡ್ ನೆಲಕ್ಕೆ ಹೊಟ್ಟೆ ಒತ್ತಿ, ಹಿಂಗಾಲು ಚಾಚಿ ಕಪ್ಪೆಯ ಹಾಗೆ ಬಿದ್ದಿರುತ್ತದೆ. ನಿಮ್ಮದೂ ಹಾಗೆ ಮಾಡಿದರೆ ಸುಮ್ನೆ ಬಿಟ್ಟುಬಿಡಿ, ತಂಪು ಜಾಗ ಅದಕ್ಕೇ ಗೊತ್ತು. ತಗಡಿನ ಶೀಟಿನ ಕೆಳಗೆ ಕಟ್ಟುವುದಂತೂ ಬೇಡವೇ ಬೇಡ.

ವಾಕಿಂಗ್ ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಸಂಜೆ ಬಿಸಿಲು ಇಳಿದ ಮೇಲೂ ಅಂಗಳದ ಇಂಟರ್‌ಲಾಕ್, ಕಾಂಕ್ರೀಟ್ ರಸ್ತೆ ಕಾದೇ ಇರುತ್ತವೆ. ಅಂಗೈಯ ಹಿಂಬದಿ ಇಟ್ಟು ನೋಡಿ. 7 ಸೆಕೆಂಡ್ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ಪಣಂಬೂರು ಬೀಚಿನ ಮರಳೂ ಅಷ್ಟೇ. ಕಾರಿನಲ್ಲಿ "ಎರಡೇ ನಿಮಿಷ" ಎಂದು ಬಿಟ್ಟು ಹೋಗಬೇಡಿ, ಗಾಜು ಸ್ವಲ್ಪ ಇಳಿಸಿದ್ದರೂ.

ಬೊಂಡ (ಎಳನೀರು) ಕೊಡಬಹುದಾ ಎಂದು ಊರವರೆಲ್ಲ ಕೇಳುತ್ತಾರೆ. ಒಂದೆರಡು ಚಮಚಕ್ಕೆ ತೊಂದರೆ ಇಲ್ಲ, ಆದರೆ ಪಾತ್ರೆಯಲ್ಲಿ ಯಾವಾಗಲೂ ಸಾದಾ ನೀರಿರಲಿ.

ನೆರಳಲ್ಲಿ ಸುಮ್ಮನೆ ಮಲಗಿದ್ದರೂ ಏದುಸಿರು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ತೂಕ ಜಾಸ್ತಿಯಿದ್ದರೆ ಅದೂ ಕಾರಣ ಇರಬಹುದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 40 ದಾಟಿದರೆ, ವಸಡು ಕಡುಕೆಂಪಾದರೆ, ಅಂಟು ಜೊಲ್ಲು ಸುರಿದರೆ, ನಡಿಗೆ ತೂರಾಡಿದರೆ ಕಾಯಬೇಡಿ. ಮೊದಲು ಮೈಮೇಲೆ ತಣ್ಣೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಎಸಿ ಹಾಕಿದ ಕಾರಿನಲ್ಲಿ ಹೊರಡಿ. ಒದ್ದೆ ಟವೆಲ್ ಹೊದೆಸಿ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಭಾನುವಾರ ಮಧ್ಯಾಹ್ನ ಯಾವ ಡಾಕ್ಟರ್ ಸಿಗುತ್ತಾರೆ ಎಂಬುದನ್ನು ಮಾತ್ರ ಈಗಲೇ ವಿಚಾರಿಸಿಟ್ಟುಕೊಳ್ಳಿ.